ದೊಡ್ಡಮ್ಮನ ‘ಚೆನ್ನಾಗಿದೆ’

“ಚೆನ್ನಾಗಿದೆ,” ಅಂದ್ಬಿಟ್ರು ದೊಡ್ಡಮ್ಮ.

ಮನೇಲೆಲ್ಲಾ ಪಟಾಕಿ ಅಂತ ಕರೆಯೋ ಹುಡುಗಿ ಮುಖ ಠುಸ್ ಅಂತು. ಊಟ ಬಿಟ್ಟು ಕೂತು ಬರೆದ ರ‍್ಯಾಪ್ ಅದು. ಒಂದೇ ಉಸಿರಲ್ಲಿ ಹೇಳಿ ಮುಗಿಸಿ, ಇನ್ನೇನು ಬೈಗುಳ ಬೀಳುತ್ತೆ ಅಂತ ಗಟ್ಟಿಯಾಗಿ ಕಣ್ಣು ಮುಚ್ಕೊಂಡು ಕಾಯ್ತಾ ನಿಂತಿದ್ಲು. ಬಿದ್ದಿದ್ದು ‘ಚೆನ್ನಾಗಿದೆ’. ದೊಡ್ಡಮ್ಮ ನಡೆಸೋ ಆ ಮಹಡಿ ಮೇಲಿನ ಸಂಗೀತದ ಕ್ಲಾಸಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಯಾಕಂದ್ರೆ ದೊಡ್ಡಮ್ಮ ಬೈಯೋದು ಹಾಡೋರನ್ನ ಮಾತ್ರ. ಅವರ ಮುದ್ದಿನ ಶಿಷ್ಯೆಯರು ಮೂಗು ಒರೆಸ್ಕೊಳ್ದೇ ಮೆಟ್ಲಿಳಿದ ದಿನವೇ ಇಲ್ಲ. ಸಂಗೀತ ಇವರ ಹಣೇಲಿ ಬರೆದಿಲ್ಲ ಅನ್ನಿಸ್ತು ಅಂದ್ರೆ ಮಾತ್ರ ಒಂದು ಸಣ್ಣ ನಗು, ಒಂದು ‘ಚೆನ್ನಾಗಿದೆ’, ಅಲ್ಲಿಗೆ ಮುಗೀತು ಕಥೆ. ಕೆಳಗಡೆ ಗಡಿಯಾರ ರಿಪೇರಿ ಅಂಗಡಿ ಅಂಕಲ್ ಶಟರ್ ಎತ್ತುವಾಗ ಶಟರ್‌ಗಿಂತ ಜೋರಾಗಿ ಹಾಡ್ತಾರಲ್ಲ, ಅವರಿಗೂ ಅದೇ ಸಿಗೋದು. ಪಾಪ, ವರ್ಷಗಳಿಂದ ಅದೇ ಖುಷೀಲಿ ತೇಲ್ತಾ ಇದ್ದಾರೆ. ಪಟಾಕಿಗೆ ಚಿಕ್ಕೋಳಿದ್ದಾಗ್ಲೇ ಒಂದ್ಸಲ ಸಿಕ್ಕಿತ್ತು. ಆಮೇಲೆ ಅವಳು ಕ್ಲಾಸ್ ಒಳಗೆ ಕೂರ್ಲೇ ಇಲ್ಲ. ಮೇಲಿನ ಮೆಟ್ಲ ಮೇಲೆ ಕೂತು, ಗೋಡೆಗೆ ಕಿವಿ ಕೊಟ್ಟು, ತೊಡೆ ತಟ್ಕೊಂಡೇ ಬೆಳೆದ್ಲು.

“ದೊಡ್ಡಮ್ಮ, ನಾಳೆ ಕ್ಲಾಸಿನ ವಾರ್ಷಿಕೋತ್ಸವ ಅಲ್ವಾ, ನಂಗೂ ಸ್ಟೇಜ್ ಮೇಲೆ ಒಂಚೂರು ಜಾಗ ಕೊಡಿ. ಪ್ಲೀಸ್.”

“ಮಾತಾಡೋಕೆ ಸ್ಟೇಜ್ ಯಾಕೆ ಪುಟ್ಟಾ? ಮನೇಲಿ ಮಾತಾಡ್ತೀಯಲ್ಲ, ಸಾಲ್ದಾ?”

“ಇದು ಮಾತಲ್ಲ! ಸಂಗೀತ!”

“ರಾಗ ಎಲ್ಲಿ?”

“ತಾಳ ಇದ್ಯಲ್ಲ!”

“ತಾಳ ನಮ್ಮನೆ ವಾಷಿಂಗ್ ಮಷಿನ್‌ಗೂ ಇದೆ. ಹಾಗಂತ ಅದನ್ನ ಹೊತ್ಕೊಂಡೋಗಿ ಸ್ಟೇಜ್ ಮೇಲೆ ಕೂರಿಸ್ಲಾ?” ಅಂತ ಹೇಳಿ, ದೊಡ್ಡಮ್ಮ ಬೆತ್ತದ ಕುರ್ಚಿಗೆ ಒರಗಿ, ಸ್ಟೂಲ್ ಮೇಲೆ ಕಾಲು ಚಾಚಿ, ಮಧ್ಯಾಹ್ನದ ನಿದ್ದೆಗೆ ಇಳಿದೇಬಿಟ್ರು.

ಪಟಾಕಿ ಹೋಗಿ ತನ್ನ ಹಳೇ ಮೆಟ್ಲ ಮೇಲೆ ಕೂತ್ಲು. ಅಳು ಬರ್ತಿತ್ತು, ಆದ್ರೆ ಯಾಕೋ ಅಳೋಕೂ ಸೋಮಾರಿತನ. ಬಾಗಿಲ ಹತ್ರ ಪರದೆ ಉಬ್ಬೋದು, ಇಳಿಯೋದು, ಮನೆಯೇ ಉಸಿರಾಡ್ತಿರೋ ಹಾಗೆ. ಬಿಸಿಲಲ್ಲಿ ಧೂಳಿನ ಕಣಗಳು ಎಲ್ಲಿಗೂ ಹೋಗೋ ಅವಸರ ಇಲ್ದೇ ತೇಲ್ತಿದ್ವು. ಕೆಳಗಿನ ಅಂಗಡಿಯಿಂದ ಗಡಿಯಾರಗಳ ಸದ್ದು ಮೆಟ್ಲು ಹತ್ತಿ ಬರ್ತಿತ್ತು. ಒಂದಕ್ಕೆ ಆತುರ, ಇನ್ನೊಂದಕ್ಕೆ ಮಂಡಿನೋವು, ಮತ್ತೊಂದು ಮಧ್ಯೆ ಮಧ್ಯೆ ಮರೆತೇಹೋಗುತ್ತೆ. ಕೇಳ್ತಾ ಕೇಳ್ತಾ ಎಲ್ಲಾ ಕರಗಿ, ದೊಡ್ಡ ಗೋಡೆ ಗಡಿಯಾರ ಒಂದೇ ಉಳೀತು. ಟಕ್. ಟಕ್. ನೀರಿನ ತಳದಲ್ಲಿ ಯಾರೋ ನಡೀತಿರೋ ಹಾಗೆ. ಅವಳ ಬೆರಳು ತನ್ನಷ್ಟಕ್ಕೇ ತೊಡೆ ತಟ್ಟೋಕೆ ಶುರು ಮಾಡ್ತು. ತುಟಿಯೂ ಅದರ ಹಿಂದೇನೇ ಹೊರಡ್ತು, ಪಿಸುಮಾತಲ್ಲಿ:

“ರಾಗ ನನ್ನ ಗಂಟಲಲ್ಲಿ ಮನೆ ಮಾಡ್ಲಿಲ್ಲ,
ಮಾತು ಮಾತ್ರ ಬಿಟ್ಟು ಹೋಗೋ ಮಾತಾಡ್ಲಿಲ್ಲ...”

ಒಳಗೆ ಏನೋ ಅಲ್ಲಾಡಿದ ಹಾಗಾಯ್ತು. ಪರದೆ ಉಬ್ಬಿದಾಗ ಕಂಡಿದ್ದು ದೊಡ್ಡಮ್ಮನ ಕಾಲಿನ ಹೆಬ್ಬೆರಳು. ಬಾಯಿ ಸ್ವಲ್ಪ ತೆರ್ಕೊಂಡು ಮಗು ಥರ ಮಲಗಿದ್ದಾರೆ ದೊಡ್ಡಮ್ಮ, ಹೆಬ್ಬೆರಳು ಮಾತ್ರ ಎಚ್ಚರವಾಗಿ ಮೇಲೆ ಕೆಳಗೆ, ಮೇಲೆ ಕೆಳಗೆ. ಗಡಿಯಾರದ ಜೊತೆಗಲ್ಲ, ಪಟಾಕಿ ಜೊತೆಗೆ! ಅವಳು ಬೇಕಂತಲೇ ಸ್ವಲ್ಪ ನಿಧಾನ ಮಾಡಿದ್ಲು. ಹೆಬ್ಬೆರಳೂ ನಿಧಾನ ಆಯ್ತು. ಓಡಿಸಿದ್ಲು. ಅದೂ ಓಡ್ತು. ಕನಸೊಳಗೆ ಕಾಲಿಟ್ಟು ಎಲ್ಲಿ ಎಬ್ಬಿಸ್ಬಿಡ್ತೀನೋ ಅನ್ನೋ ಭಯದಲ್ಲೇ ಮುಂದಿನ ಸಾಲಿಗೆ ಹೋದ್ಲು:

“ಹಾಡೋರೆಲ್ಲ ಮೆಟ್ಲು ಹತ್ತಿ ಮೋಡ... ಮುಟ್ಟಿದ್ರು,
ಮೆಟ್ಲ ಮೇಲೇ ಕೂತ ನಂಗೆ...”

ಹೆಬ್ಬೆರಳು ಮೇಲೆ ಹೋಗಿದ್ದು ಕೆಳಗೆ ಬರ್ಲೇ ಇಲ್ಲ. ಗಾಳೀಲೇ ನಿಂತ್ಬಿಡ್ತು.

“ಎಲ್ಲಿ ಉಸಿರು ತಗೊಂಡೆ?” ಅಂದ್ರು ದೊಡ್ಡಮ್ಮ. ಕಣ್ಣು ಇನ್ನೂ ಮುಚ್ಚೇ ಇತ್ತು.

“ಅದು... ‘ಮೋಡ’ ಆದ್ಮೇಲೆ...”

“ಮೋಡ ಮುಟ್ಟೋಕೆ ಮುಂಚೇನೇ ಉಸಿರು ಬಿಟ್ರೆ ದೊಪ್ಪಂತ ಕೆಳಗೆ ಬೀಳಲ್ವೇನೇ, ಕತ್ತೆ? ಗಂಟಲಲ್ಲಿ ಏನು ಹತ್ತಿ ತುರುಕ್ಕೊಂಡಿದ್ಯಾ? ಕೊನೇ ಅಕ್ಷರ ಎಲ್ಲಾ ನುಂಗ್ತಿದ್ದೀಯ, ಹೊಟ್ಟೆ ತುಂಬಿಲ್ವಾ? ನಾಳೆ ಅಷ್ಟು ಜನದ ಮುಂದೆ ಹೀಗೇ ಮಾಡಿದ್ರೆ ನನ್ನ ಮಾನ ಏನಾಗ್ಬೇಕು? ಒಂಚೂರೂ ಚೆನ್ನಾಗಿಲ್ಲ. ಮೊದಲಿಂದ ಹಾಡು.”

ಹಾಡು ಅಂದ್ರು. ಪಟಾಕಿ ಕಣ್ಣಲ್ಲಿ ದಳದಳ ನೀರು. ಮೂಗು ಒರೆಸ್ಕೊಂಡು ಎದ್ದು ನಿಂತ್ಲು.

ಕೆಳಗಡೆಯಿಂದ ಅಂಕಲ್, ಒಂದು ಕಣ್ಣಿಗೆ ಸಿಕ್ಕಿಸ್ಕೊಂಡಿದ್ದ ಭೂತಗನ್ನಡಿ ಸಮೇತ ಕತ್ತು ಮೇಲೆತ್ತಿ ನೋಡಿದ್ರು. “ಏನಾಯ್ತು ಪುಟ್ಟಿ? ಬೈದ್ರಾ?”

“ಹ್ಞೂಂ ಅಂಕಲ್! ಬೈದ್ರು! ಸಿಕ್ಕಾಪಟ್ಟೆ ಬೈದ್ರು!”

“ಅಯ್ಯೋ ಪಾಪ. ಬೇಜಾರ್ ಮಾಡ್ಕೋಬೇಡ ಬಿಡು,” ಅಂದ್ರು ಅಂಕಲ್, ತುಂಬಾ ಕನಿಕರದಿಂದ. “ಕಲೀತಾ ಕಲೀತಾ ಬರುತ್ತೆ. ನನ್ನನ್ನ ನೋಡು, ಇವತ್ತಿನವರೆಗೂ ಒಂದೇ ಒಂದು ದಿನ ಬೈದಿಲ್ಲ.”