ಪೆಟ್ಟಿಗೆಯ ದೀಪದ ಬಣ್ಣ

“ಚಾಚಾ, ಪೆಟ್ಟಿಗಿ ಮ್ಯಾಲಿನ ದೀಪ ಯಾವ ಬಣ್ಣ ಐತಿ, ಸ್ವಲ್ಪ ನೋಡಿ ಹೇಳ್ರಿ,” ಎಂದ ನೆಟ್ ರಿಪೇರಿಗೆ ಬಂದಿದ್ದ ಕೇದಾರಿ.

ಹತ್ತರಗಿಯ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೂತಿದ್ದ ಹಜರತಅಲಿ ನಕ್ಕರು. “ನನಗ ನೋಡು ಅಂತ ಯಾರೂ ಅನ್ನಲಾರದ ಇಪ್ಪತ್ತು ವರ್ಷ ಆತು, ತಮ್ಮಾ. ಎರಡೂ ಕಣ್ಣು ಕಾಣಂಗಿಲ್ಲ. ಮಗಳು ಅಲ್ಮಾಸ ಹುಕ್ಕೇರಿಗೆ ಹೋಗ್ಯಾಳ. ನೀನ ನೋಡಲಾ.”

ಕೇದಾರಿ ಇಂಟರ್‌ನೆಟ್ ಪೆಟ್ಟಿಗೆಯ ಮುಂದೆ ಬಗ್ಗಿದ. ದೀಪ ಉರಿಯುತ್ತಿತ್ತು. ಕೆಂಪಾಗಿದ್ದರೆ ತಂತಿ ಕೆಟ್ಟಿದೆ. ಹಸಿರಿದ್ದೂ ನೆಟ್ ಬರದಿದ್ದರೆ ತಂತಿ ಸರಿ, ಪೆಟ್ಟಿಗೆ ಕೆಟ್ಟಿದೆ. ಆದರೆ ಹುಟ್ಟಿನಿಂದಲೂ ಅವನ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದೇ. ಹಳೆಯ ಪೆಟ್ಟಿಗೆಗಳಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ದೀಪವಿತ್ತು, ಜಾಗ ನೋಡಿ ಗುರುತು ಹಿಡಿಯುತ್ತಿದ್ದ. ಹೊಸದಕ್ಕೆ ಒಂದೇ ದೀಪ. ಹೀಗಾಗಿ ಹೋದಲ್ಲೆಲ್ಲ ಮನೆಯವರನ್ನೇ ಕೇಳುತ್ತಿದ್ದ. ನಮ್ಮನ್ನೂ ಒಂದು ಮಾತು ಕೇಳುತ್ತಾನೆ, ಮರ್ಯಾದಸ್ಥ ಎಂದು ಜನ ಹೊಗಳುತ್ತಿದ್ದರು. ಹೋದ ವಾರ ಮೂಡಲಗಿಯಲ್ಲಿ ಕೇಳಲು ಯಾರೂ ಸಿಗದೆ, ಊಹೆಯ ಮೇಲೆ ಒಳ್ಳೆಯ ಪೆಟ್ಟಿಗೆಯನ್ನೇ ಬಿಚ್ಚಿ ತಂದಿದ್ದ. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗು ಎಂದಿದ್ದರು ಸಾಹೇಬರು.

“ಯಾವ ಬಣ್ಣ ಐತಿ, ತಮ್ಮಾ?” ಎಂದರು ಹಜರತಅಲಿ.

ಹೆಂಡತಿಗೂ ಹೇಳದ ಮಾತು ಕೇದಾರಿಯ ಬಾಯಿಂದ ಬಂದುಬಿಟ್ಟಿತು. “ನನಗೂ ತಿಳಿಯಂಗಿಲ್ರಿ, ಚಾಚಾ. ಕೆಂಪಿದ್ರ ತಂತಿ ಕೆಟ್ಟಂಗ, ಹಸರಿದ್ರ ತಂತಿ ಸರಿ ಇದ್ದಂಗ. ಆದ್ರ ನನಗ ಎರಡೂ ಒಂದ ನಮೂನಿ ಕಾಣ್ತಾವು.”

ಹಜರತಅಲಿ ಈ ಸಲ ನಗಲಿಲ್ಲ. “ಬಣ್ಣ ಇರ್ಲಿ ಬಿಡು. ನೆಟ್ ಯಾವಾಗ ಹೋತು, ಏನ್ ಮಾಡಿದಾಗ ಹೋತು, ಅದನ್ನ ಕೇಳಂಗಿಲ್ಲೇನು?”

ಕೇದಾರಿ ಅದನ್ನು ಯಾರ ಮನೆಯಲ್ಲೂ ಕೇಳಿರಲಿಲ್ಲ.

“ಸೋಮವಾರ ಅಲ್ಮಾಸ ಕಪಾಟು ಗ್ವಾಡಿಗೆ ದೂಡಿದ್ಳು. ಆವಾಗಿಂದ ಇಲ್ಲ.” ಮುದುಕರು ಎದ್ದು, ಗೋಡೆಗುಂಟ ತಂತಿಯ ಮೇಲೆ ಬೆರಳಾಡಿಸುತ್ತ ಹೋಗಿ ಕಪಾಟಿನ ಹಿಂದೆ ಕೈ ತೂರಿಸಿದರು. “ಹಾಂ, ಇಲ್ಲೈತಿ ನೋಡು. ಮಡಚಿ ಮುರದೈತಿ.”

ಕೇದಾರಿ ಹೊಸ ತಂತಿ ಎಳೆದ. ಕಂಪ್ಯೂಟರು ನಾಲ್ಕು ದಿನದ ಸಂದೇಶಗಳನ್ನು ಟಿಂಗ್ ಟಿಂಗ್ ಎಂದು ಒಮ್ಮೆಲೇ ಸುರಿಯಿತು. ಅವನು ಹಗುರಾಗಿ ನೆಲದ ಮೇಲೆ ಕೂತ.

ಅಷ್ಟರಲ್ಲಿ ಗೋಕಾಕದ ಆಫೀಸಿನಿಂದ ಸುವರ್ಣಾಳ ಫೋನು. “ಕೇದಾರಿ ಅವರ, ಮೂಡಲಗಿ ಗದ್ದಲ ಆದ ಮ್ಯಾಲೆ ಬರೇ ನಿಮ್ಮ ಮಾತು ನಡಿಯಂಗಿಲ್ರಿ. ದೀಪದ ಬಣ್ಣ ಗಿರಾಕಿ ಬಾಯಿಂದನ ಕೇಳಿ ಬರಕೋ ಅಂದಾರ ಸಾಹೇಬ್ರು. ಅವರ ಕೈಯಾಗ ಕೊಡ್ರಿ.”

ಕೇದಾರಿ ಫೋನನ್ನು ಮುದುಕರ ಕೈಗೆ ಕೊಟ್ಟ.

“ಹಸರ ಐತವ್ವಾ,” ಎಂದರು ಹಜರತಅಲಿ, ಬಾಗಿಲ ಕಡೆ ಮುಖ ಮಾಡಿಕೊಂಡು.

“ನೀವ ಖುದ್ದ ನೋಡಿ ಹೇಳಾಕತ್ತೀರಿ, ಹೌದಲ್ರಿ?”

“ಹೌದವ್ವಾ. ಇಲ್ಲಿ ಇರೋ ಇಬ್ಬರಾಗ ಚಲೋ ಕಾಣೋದು ನನಗ.”