ತೊಂಬತ್ತೆರಡು ಎಂದು ಬರೆದವಳು

ಯಂತ್ರದ ತೆರೆಯ ಮೇಲೆ ಐವತ್ತೆಂಟು ಎಂದು ಬಂತು. ವರದಿಯ ಹಾಳೆಯಲ್ಲಿ ಅವಳು ತೊಂಬತ್ತೆರಡು ಎಂದು ಬರೆದಳು.

ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವವರ ಪರವಾಗಿ ಬ್ಯಾಟರಿ ಪರೀಕ್ಷಿಸುವುದು ಅವಳ ಕೆಲಸ. ಹೊಸದಾಗಿದ್ದಾಗಿನ ಶಕ್ತಿಯಲ್ಲಿ ಈಗ ನೂರಕ್ಕೆ ಎಷ್ಟು ಉಳಿದಿದೆ ಎಂದು ಬರೆದು ಸಹಿ ಹಾಕಿಕೊಡಬೇಕು. ಆರು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದಿದವಳಲ್ಲ. ಯಾರ ಮುಖವನ್ನೂ ನೋಡದೆ ಕಡ್ಡಿ ಮುರಿದ ಹಾಗೆ ಹೇಳುತ್ತಾಳೆಂದು ಆಫೀಸಿನವರು ಅವಳಿಗೆ ‘ಕಡ್ಡಿ’ ಎಂದೇ ಹೆಸರಿಟ್ಟಿದ್ದರು.

ಇವತ್ತು ಮಾತ್ರ ಮುಖ ನೋಡಿದ್ದಳು.

ಬೇರೆ ಯಾರೂ ಬೇಡ, ಅವಳೇ ಬರಬೇಕು ಎಂದು ಆಫೀಸಿಗೆ ಫೋನ್ ಮಾಡಿ ಹಟ ಹಿಡಿದ ಗಿರಾಕಿ, ಮಾರುವವರ ಮನೆಯಂಗಳದಲ್ಲಿ ಕೋಲೂರಿಕೊಂಡು ನಿಂತಿದ್ದ. ಕೂದಲು ಬೆಳ್ಳಗಾಗಿತ್ತು. ಎಡ ಮೊಣಕಾಲು ಬಗ್ಗುತ್ತಿರಲಿಲ್ಲ. ಆದರೂ ಗುರುತು ಹತ್ತಲು ಅರೆಗಳಿಗೆ ಸಾಕಾಯಿತು. ಧಣಿ.

ಹದಿನಾರು ವರ್ಷದ ಹಿಂದೆ ಅವನ ಲಾರಿ ಗ್ಯಾರೇಜಿನಲ್ಲಿ ಅವಳ ಅಪ್ಪ ದೊಡ್ಡ ಮೇಸ್ತ್ರಿ. ಲಾರಿ ಎತ್ತುವ ಜ್ಯಾಕಿನಲ್ಲಿ ಎಣ್ಣೆ ಸೋರುತ್ತಿದೆ, ಬದಲಾಯಿಸಿ ಎಂದು ಅಪ್ಪ ಮೂರು ಸಲ ಕೇಳಿದ್ದ. ನಾಲ್ಕನೇ ಸಲ ಕೇಳುವ ಮೊದಲೇ ಲಾರಿ ಅಪ್ಪನ ಎಡಗಾಲಿನ ಮೇಲೆ ಕೂತಿತು. ವಿಚಾರಣೆಗೆ ಬಂದವರಿಗೆ ಧಣಿ ಒಂದೇ ಸಾಲು ಬರೆದುಕೊಟ್ಟ: ‘ಕುಡಿದು ಕೆಲಸಕ್ಕೆ ಬಂದಿದ್ದ.’

ಅಪ್ಪ ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಕಾಲು ಹೋದದ್ದನ್ನು ಹೇಗೋ ನುಂಗಿಕೊಂಡ. ಆ ಸಾಲನ್ನು ನುಂಗಿಕೊಳ್ಳಲಾಗಲಿಲ್ಲ. ನಾಲ್ಕು ಜನರ ಮುಂದೆ ಹೋಗುವುದನ್ನೇ ಬಿಟ್ಟ. ಬೆಟ್ಟದ ಮೇಲಿನ ಊರಲ್ಲಿದ್ದ ಸ್ವಂತ ಅಕ್ಕನ ಮನೆಗೂ ಹೋಗಲಿಲ್ಲ. ಆಗ ಅವಳಿಗೆ ಹನ್ನೆರಡು. ಬರೆದದ್ದನ್ನು ಹಿಂತೆಗೆದುಕೊಳ್ಳಿ ಎಂದು ಬೇಡಲು ಧಣಿಯ ಮನೆಗೆ ಹೋದಳು. ಅವನು ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡ.

ಅವನಿಗೆ ಅದೆಲ್ಲ ಎಲ್ಲಿ ನೆನಪಿರಬೇಕು!

“ಎಂಜಿನ್ ಸದ್ದು ಕೇಳಿಯೇ ಕಾಯಿಲೆ ಹೇಳ್ತಿದ್ದ ಕಾಲ ನಮ್ದು,” ಎಂದ ಧಣಿ. “ಇದು ಉಸಿರೇ ಬಿಡಲ್ಲವಲ್ಲ ತಾಯಿ! ಅದಕ್ಕೇ ನಿಮ್ಮನ್ನ ಕರೆಸಿದೆ.”

ಮಾರುವ ಟೀಚರಮ್ಮ ಕೀ ಕೊಟ್ಟು ಒಳಗೆ ಹೋಗಿದ್ದರು. ಅವಳು ಸ್ಟೀರಿಂಗಿನ ಕೆಳಗೆ ಯಂತ್ರ ಸಿಕ್ಕಿಸಿ ಕಾರು ಹೊರಡಿಸಿದಳು. ಧಣಿ ಪಕ್ಕದಲ್ಲಿ ಕೂತ. ಮೇಲ್ಸೇತುವೆಯ ಏರಿನಲ್ಲಿ ಬೇಕೆಂದೇ ಒತ್ತಿ ಓಡಿಸಿದಳು. ಬ್ಯಾಟರಿಯ ಸೆಲ್ಲುಗಳ ಒಂದು ಸಾಲು ಶಕ್ತಿಗುಂದಿ ಒಮ್ಮೆಗೇ ಕುಸಿದದ್ದು ತೆರೆಯ ಮೇಲೆ ಕಂಡಿತು. ಏರು ಮುಗಿದದ್ದೇ ಏನೂ ಆಗದಂತೆ ಚೇತರಿಸಿಕೊಂಡಿತು. ಚಿಕ್ಕ ಏರಾದ್ದರಿಂದ ಬಚಾವು. ಮೈಲುಗಟ್ಟಲೆ ಹತ್ತಬೇಕಾದರೆ ಈ ಸಾಲು ಕೈಕೊಡುತ್ತದೆ. ಕಾರು ನಡುರಸ್ತೆಯಲ್ಲೇ ಸತ್ತು ನಿಲ್ಲುತ್ತದೆ.

“ಇನ್ನೂರೈವತ್ತು ಕಿಲೋಮೀಟರ್ ಹೋಗುತ್ತೆ ಅಂತ ತೋರಿಸ್ತಿದೆ,” ಎಂದ ಧಣಿ, ಮುಂದಿನ ಫಲಕ ನೋಡುತ್ತ.

ಆ ಅಂಕಿಯನ್ನು ನಂಬಬೇಡಿ ಎಂದು ಅವಳು ಪ್ರತಿ ಗಿರಾಕಿಗೂ ಹೇಳುತ್ತಿದ್ದಳು.

“ಹೌದು, ತೋರಿಸ್ತಿದೆ,” ಎಂದಳು.

“ಬೆಟ್ಟದ ರಸ್ತೆ?”

“ಆರಾಮಾಗಿ ಹತ್ತುತ್ತೆ.”

ಕಡಿದಾದ ತಿರುವು, ಹಿಂದೆ ಲಾರಿಗಳ ಹಾರ್ನು, ಕೋಲೂರಿಕೊಂಡು ರಸ್ತೆಯಂಚಿಗೆ ಕುಂಟುವ ಧಣಿ. ಎಲ್ಲ ಕಣ್ಣಿಗೆ ಕಟ್ಟಿತು. ಅವಳಿಗೆ ಹೊಟ್ಟೆ ತಂಪಾಯಿತು.

“ಕ್ಲಚ್ ಇಲ್ಲ ಅಲ್ವಾ? ಎಡಗಾಲಿಗೆ ಕೆಲಸವೇ ಇಲ್ಲ?”

“ಒಂಚೂರೂ ಇಲ್ಲ.”

ಧಣಿ ತನ್ನ ಮೊಣಕಾಲು ಸವರಿಕೊಂಡ. ಅಂಗಳಕ್ಕೆ ವಾಪಸಾದ ಮೇಲೆ ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಸೀಟು ನೆಲದಿಂದ ಎಷ್ಟು ಎತ್ತರ ಎಂದು ಗೇಣು ಹಾಕಿ ನೋಡಿದ. ಕೊನೆಗೆ ಎಲ್ಲ ಗಿರಾಕಿಗಳೂ ಕೇಳುವುದನ್ನು ಅವನೂ ಕೇಳಿದ.

“ನಿಮ್ಮ ಮನೆಯವರಿಗಾಗಿದ್ರೆ ಈ ಕಾರು ತಗೋತಿದ್ರಾ?”

“ಕಣ್ಣು ಮುಚ್ಕೊಂಡು ತಗೋತಿದ್ದೆ.”

“ಹಾಗಾದ್ರೆ ಬರ್ಕೊಡಿ, ತಾಯಿ. ನಿಮ್ಮ ಸಹಿ ಇದ್ರೆ ಸಾಕು.”

ಬರೆದುಕೊಟ್ಟಳು. ಅವನದೂ ಒಂದೇ ಸಾಲಾಗಿತ್ತು, ತನ್ನದೂ ಒಂದೇ ಸಾಲು. ಮನೆಗೆ ಹೋದಾಗ ಅಪ್ಪ ಕಿಟಕಿಯ ಬಳಿ ಎಂದಿನಂತೆ ಸುಮ್ಮನೆ ಕೂತಿದ್ದ. ಹೇಳಿಬಿಡಲೇ ಎನಿಸಿತು. ಕಾರು ಬೆಟ್ಟದಲ್ಲಿ ನಿಂತ ಸುದ್ದಿ ಬಂದ ಮೇಲೆಯೇ ಹೇಳೋಣ ಎಂದು ತಡೆದುಕೊಂಡಳು.

ಐದನೆಯ ದಿನ ಮಧ್ಯಾಹ್ನ ಧಣಿ ಆಫೀಸಿಗೆ ಬಂದ. ಕಾರಿನಲ್ಲಲ್ಲ, ಕೋಲೂರಿಕೊಂಡು ನಡೆದು. ಅವಳ ಎದೆ ಸಂತೋಷಕ್ಕೆ ಡವಗುಟ್ಟಿತು. ‘ಬ್ಯಾಟರಿ ಅಂದ್ರೆ ಯಾವಾಗ ಕೈಕೊಡುತ್ತೋ ಹೇಳಕ್ಕಾಗಲ್ಲ ಸಾರ್’ ಎಂಬ ಉತ್ತರವನ್ನು ನಾಲ್ಕು ದಿನದಿಂದ ಬಾಯಿಪಾಠ ಮಾಡಿಟ್ಟಿದ್ದಳು.

“ಕಾರೆಲ್ಲಿ?” ಎಂದಳು, ದನಿ ಆದಷ್ಟು ಮೆತ್ತಗೆ ಮಾಡಿಕೊಂಡು.

“ಬೆಳಿಗ್ಗೆ ಹೊರಡ್ತು. ಈಗ ಬೆಟ್ಟ ಹತ್ತುತ್ತಾ ಇರಬೇಕು.”

“ಯಾರು ಓಡಿಸ್ತಿದ್ದಾರೆ?”

ಧಣಿ ಕೂರಲಿಲ್ಲ. ಕೋಲನ್ನು ಮೇಜಿಗೆ ಒರಗಿಸಿ ಎರಡೂ ಕೈ ಮುಗಿದ. ಅವನ ಕಣ್ಣು ತುಂಬಿತ್ತು.

“ಅವತ್ತು ಪರದೆ ಎಳ್ಕೊಂಡೆ ತಾಯಿ, ಆಮೇಲೆ ಒಂದು ದಿನವೂ ನೆಮ್ಮದಿ ಇರಲಿಲ್ಲ. ನನ್ನ ಕೈಯಿಂದ ಏನೂ ಬೇಡ ಅಂತ ಎರಡು ಸಲ ಬಾಗಿಲಿಂದಲೇ ಕಳಿಸಿದ್ರು ನಿಮ್ಮಪ್ಪ. ಇವತ್ತು ನಿಮ್ಮ ಸಹಿ ನೋಡಿದ ಮೇಲೇ ಕೀ ಇಸ್ಕೊಂಡು, ಅಕ್ಕನ್ನ ನೋಡಿ ಬರ್ತೀನಿ ಅಂತ ಒಬ್ಬರೇ ಹೊರಟರು.”