ತಿಳಿಯಾಗುವವರೆಗೆ

ಮೋಟಾರು ಎರಡು ಬಾರಿ ಕೆಮ್ಮಿ ನಿಂತುಹೋಯಿತು. ದೋಣಿ ಆಗಷ್ಟೇ ಹಿನ್ನೀರಿನ ನಡುಭಾಗಕ್ಕೆ ಬಂದಿತ್ತು. ಎದುರಿಗೆ, ಕೂಗಿದರೆ ಕೇಳಿಸದಷ್ಟು ದೂರದಲ್ಲಿ, ದಿಣ್ಣೆಯ ಮೇಲೆ ಭದ್ರಮ್ಮ ಒಬ್ಬಳೇ ನಿಂತಿದ್ದಳು. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ನೆಲದಲ್ಲಿ ಬಿತ್ತಿದ್ದ ಸೊಪ್ಪನ್ನು ಕೀಳಲು ಬೆಳಿಗ್ಗೆ ನಡೆದುಕೊಂಡೇ ಹೋಗಿದ್ದವಳು. ಹಿಂದಿನ ರಾತ್ರಿ ಬೆಂಗಳೂರಿನ ಕಡೆ ಸುರಿದ ಮಳೆ ಮಧ್ಯಾಹ್ನದ ಹೊತ್ತಿಗೆ ಹೊಳೆಯಲ್ಲಿ ಇಳಿದುಬಂದು ಆ ದಾರಿಯನ್ನು ನುಂಗಿತ್ತು. ಈಗ ಅವಳ ಪಾದಗಳೂ ಕಾಣುತ್ತಿರಲಿಲ್ಲ.

ನರಸಿಂಹಪ್ಪ ಮೋಟಾರಿನ ಹಗ್ಗವನ್ನು ಎಳೆದ. ಮತ್ತೆ ಎಳೆದ. "ದಡದಾಗೆ ಒಂದೇ ಎಳೆತಕ್ಕೆ ಹತ್ಕೊಂತಲ್ಲಲಾ! ಹೆಂಡ್ತಿ ಅಲ್ಲಿ ಮುಳುಗ್ತಾವ್ಳೆ, ಇದು ಇಲ್ಲಿ ಸತ್ತೋಯ್ತು!"

"ಎಳೀಬ್ಯಾಡ ಭಾವ, ತಡಿ." ಮುನಿರತ್ನ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಅವನು ಭದ್ರಮ್ಮನ ತಮ್ಮ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಎಂಜಿನ್ ಜೋಡಿಸುವವನು. "ಇದ್ರಾಗೆ ಪೆಟ್ರೋಲ್ ತುಂಬಿದ್ದು ಯಾವಾಗ?"

"ಆಯುಧಪೂಜೆಗೆ. ಕುತ್ತಿಗೆಮಟ ತುಂಬಿ ಕುಂಕುಮ ಇಟ್ಟಿದ್ದೆ. ಖಾಲಿ ಟ್ಯಾಂಕಿಗೆ ಪೂಜೆ ಮಾಡ್ತಾರೇನ್ಲಾ ಯಾರಾನ? ಆಮೇಲೆ ನೀರು ಇಳೀತು, ದೋಣಿ ದಡದಾಗೇ ಬಿದ್ದಿತ್ತು. ಪೂಜೆ ಮಾಡಿದ್ದು ಅಂತ ಹನಿಯೂ ತೆಗೀಲಿಲ್ಲ."

"ಅಲ್ಲೇ ಕೆಟ್ಟೋಗಿರೋದು. ಈಗಿನ ಪೆಟ್ರೋಲ್‌ನಾಗೆ ಎಥೆನಾಲ್ ಬೆರೆಸ್ತಾರೆ. ಸಾರಾಯಿ ಅಂತ್ಲೇ ಇಟ್ಕಾ. ಅದು ಇಷ್ಟು ದಿನವೂ ಗಾಳಿಯಾಗಿನ ತೇವ ಕುಡೀತಾ ಕುಂತೈತೆ. ಕುಡ್ದು ಕುಡ್ದು, ಪೆಟ್ರೋಲಿನ ಸವಾಸ ಬಿಟ್ಟು, ನೀರಿನ ಜೊತೆ ತಳದಾಗೆ ಮಲಗ್ಬುಟ್ಟೈತೆ. ಅಲೆಗೆ ಟ್ಯಾಂಕು ಕುಲುಕ್ತು, ಮೋಟಾರಿಗೆ ಅದೇ ಹೋಯ್ತು."

"ಥೇಟ್ ನಿಮ್ಮಪ್ಪನೇ!" ಎಂದ ನರಸಿಂಹಪ್ಪ. ಆದರೆ ಅವನ ಕಣ್ಣು ದಿಣ್ಣೆಯನ್ನು ಬಿಟ್ಟು ಕದಲಲಿಲ್ಲ. ಒಂಟಿ ಹುಟ್ಟನ್ನು ಹಾಕಿ ನೋಡಿದ. ಸೆಳವು ದೋಣಿಯನ್ನು ಗಿರ್ರನೆ ತಿರುಗಿಸಿ ಇನ್ನಷ್ಟು ದೂರಕ್ಕೆ ತಳ್ಳಿತು.

"ಕಲ್ಲು ಬಿಡು ಭಾವ!" ಮುನಿರತ್ನ ಕೂಗಿದ. ಹಗ್ಗ ಕಟ್ಟಿದ ಕಲ್ಲು ತಳ ಸೇರಿತು, ದೋಣಿ ನಿಂತಿತು. ಅವನು ಕುಡಿಯುವ ನೀರಿನ ಕ್ಯಾನನ್ನು ಬರಿದು ಮಾಡಿ, ಅಂಗಿ ಬಿಚ್ಚಿ ಅದರ ಒಳಗನ್ನೆಲ್ಲ ಒರೆಸಿ, ಟ್ಯಾಂಕಿನಲ್ಲಿದ್ದುದನ್ನು ಅದಕ್ಕೆ ಸುರಿದ. ಕಲಸಿದ ಮಜ್ಜಿಗೆಯಂತೆ ಮಬ್ಬಾಗಿತ್ತು. "ಈಗ ಮಿಸುಕಾಡ್ಬ್ಯಾಡ. ತಿಳಿಯಾಗ್ಲಿ. ಮೇಲೆ ನಿಲ್ಲೋದು ಪೆಟ್ರೋಲು. ಅದನ್ನ ಮಾತ್ರ ಮೋಟಾರಿಗೆ ಕುಡಿಸ್ಬೇಕು."

"ಎಷ್ಟೊತ್ಲಾ?"

"ನೀನು ಅಲ್ಲಾಡ್ದೆ ಇದ್ರೆ ಬೇಗ."

ಇಬ್ಬರೂ ಮೊಣಕಾಲಿನ ಮೇಲೆ ಕೈಯಿಟ್ಟು ಕುಳಿತರು. ಕ್ಯಾನಿನೊಳಗೆ ತೆಳ್ಳನೆಯ ಗೆರೆಯೊಂದು ಮೂಡತೊಡಗಿತು. ದಿಣ್ಣೆಯ ಮೇಲೆ ಭದ್ರಮ್ಮ ಸೆರಗು ಬೀಸುತ್ತಿದ್ದಳು. ನೀರು ಅವಳ ಮೊಣಕಾಲಿಗೆ ಬಂದಿತ್ತು. ನರಸಿಂಹಪ್ಪ ತಡೆಯಲಾರದೆ ಅರ್ಧ ಎದ್ದ. ದೋಣಿ ವಾಲಿತು, ಗೆರೆ ಒಡೆದು ಎಲ್ಲವೂ ಮತ್ತೆ ಮಬ್ಬಾಯಿತು.

"ಕುಂತ್ಕಾ ಭಾವ! ನಿಂಗೆ ಹೆಂಡ್ತಿ ಆದ್ರೆ ನಂಗೆ ಅಕ್ಕ ಅವ್ಳು. ಕುಂತ್ಕಾ!"

ನರಸಿಂಹಪ್ಪ ಕುಳಿತ. ಮತ್ತೆ ಏಳದಂತೆ ತೊಡೆಗಳನ್ನು ತನ್ನದೇ ಎರಡು ಕೈಗಳಿಂದ ಅದುಮಿ ಹಿಡಿದ. ಉಸಿರನ್ನೂ ಬಿಗಿಹಿಡಿದ. ಅತ್ತ, ಸೆರಗು ಬೀಸುವುದು ನಿಂತಿತು. ಭದ್ರಮ್ಮ ಸೊಪ್ಪಿನ ಬುಟ್ಟಿಯನ್ನು ನೀರಿಗೆ ಬಿಟ್ಟು, ಬರಿಗೈಯಲ್ಲಿ ನಿಂತು, ದೋಣಿಯನ್ನೇ ನೋಡುತ್ತಿದ್ದಳು.

ಗೆರೆ ಮತ್ತೆ ಮೂಡಿತು. ಈ ಬಾರಿ ಒಡೆಯಲಿಲ್ಲ. ಮುನಿರತ್ನ ಮೋಟಾರಿನ ಅಡಿಯ ತಿರುಪು ಸಡಿಲಿಸಿ ಒಳಗಿದ್ದ ಕೊಳೆನೀರನ್ನು ಚೆಲ್ಲಿದ. ಕ್ಯಾನನ್ನು ತೊಡೆಯ ನಡುವೆ ಇರುಕಿಕೊಂಡು, ಮೋಟಾರಿನ ಪೆಟ್ರೋಲ್ ಕೊಳವೆಯ ತುದಿಯನ್ನು ಗೆರೆಯ ಮೇಲಿನ ತಿಳಿಯಲ್ಲೇ ಹಿಡಿದ. "ಈಗ ಎಳಿ."

ಮೋಟಾರು ಬುಸುಗುಟ್ಟಿತು, ಅಳುಕಿತು, ಕೊನೆಗೆ ಹತ್ತಿಕೊಂಡಿತು. ನರಸಿಂಹಪ್ಪ ಕಲ್ಲಿನ ಹಗ್ಗವನ್ನು ಕುಡುಗೋಲಿನಿಂದ ಕತ್ತರಿಸಿಯೇ ಬಿಟ್ಟ.

ಅವರು ತಲುಪಿದಾಗ ನೀರು ಅವಳ ಎದೆಯ ಮಟ್ಟಕ್ಕೆ ಬಂದಿತ್ತು. ನರಸಿಂಹಪ್ಪ ಬಾಗಿ ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ದೋಣಿಯ ಅಂಚನ್ನು ತಬ್ಬಿ, ಜಾರಿ, ಮತ್ತೆ ತಬ್ಬಿ ತಾನೇ ಹತ್ತಿದಳು.

"ಕಲ್ಲು ಇಳಿಬಿಟ್ಟು, ಕೈ ಕಟ್ಕೊಂಡು ಕುಂತ್ರಿ," ಎಂದಳು, ಹಲ್ಲು ಕಟಕಟಿಸುತ್ತಿರುವಾಗಲೇ. "ನಾನು ನೋಡ್ತಾನೇ ಇದ್ದೆ."

"ಅಲ್ಲಾಡ್ದೆ ಕುಂತಿದ್ದಕ್ಕೇ ಕಣೇ ಬರೋಕಾಗಿದ್ದು..." ಎಂದ ನರಸಿಂಹಪ್ಪ. ಆ ಮಾತು ಅವನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ಭದ್ರಮ್ಮ ತಮ್ಮನ ಕಡೆ ತಿರುಗಿದಳು. "ನೀನೂ ಕುಂತಿದ್ಯೇನ್ಲಾ, ಮುನಿರತ್ನ?"

ದೋಣಿ ಅಲೆಯ ಮೇಲೆ ಓಲಾಡುತ್ತಿತ್ತು. ಕೊಳವೆಯ ತುದಿ ಗೆರೆಯ ಕೆಳಕ್ಕೆ ಒಂದಿಷ್ಟು ಜಾರಿದರೂ ಮೋಟಾರು ನಿಲ್ಲುತ್ತಿತ್ತು. ಮುನಿರತ್ನ ಗೆರೆಯ ಮೇಲೆ ಕಣ್ಣು ನೆಟ್ಟು, ತಲೆ ತಗ್ಗಿಸಿಯೇ ಕುಳಿತಿದ್ದ.